ಮುಟ್ಟಿನ ಕ್ರಮಭಂಗವೂ ನಮ್ಮ ಮನೆಯ ದಿನಚರಿಯೂ



ಸ್ಮರಣ ಸಂಚಿಕೆಯಲ್ಲಿ ಶಾಲೆಯ ಏಳಿಗೆಯನ್ನೂ ಪರೀಕ್ಷೆಗಳ ಫಲಿತಾಂಶವನ್ನೂ ಕುರಿತು ಬರೆಯುವದು ಮುಖ್ಯಾಧ್ಯಾಪಿಕೆಯ ವಾಡಿಕೆ. ಈ ಸಾರೆ ಆ ವಾಡಿಕೆಯನ್ನು ಬಿಟ್ಟು, ನಮ್ಮ ಮನೆಗಳಲ್ಲಿ ಕೇವಲ ಪಿಸುಮಾತಿನಲ್ಲಿ ಆಡುವ ಒಂದು ಸಂಗತಿಯನ್ನು ನಿಮ್ಮ ಮುಂದೆ ಇಡಬೇಕೆಂದಿದ್ದೇನೆ.

ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಮೇಲಿಂದ ಮೇಲೆ ಶಾಲೆಯನ್ನು ತಪ್ಪಿಸಹತ್ತಿದಳು. ಅವಳ ತಾಯಿಯನ್ನು ಕರೆಯಿಸಿ ಕೇಳಲಾಗಿ, ಆಕೆಯು ಬಹಳ ಹೊತ್ತು ನೆಲವನ್ನೇ ನೋಡುತ್ತ ಕುಳಿತು, ಕಡೆಗೆ, "ಐದು ತಿಂಗಳಾತ್ರೀ ಅಕ್ಕೋರ, ಮುಟ್ಟಾಗಿಲ್ಲ. ಗದ್ದದ ಮ್ಯಾಲೆ ಕೂದಲಾ ಬರಾಕತ್ತಾವು. ಹುಡಿಗ್ಯಾರು ನಗತಾರಂತ ಸಾಲಿಗೆ ಬರವಲ್ಲಳು. ಲಗ್ನಾ ಮಾಡಿದರ ಎಲ್ಲಾ ಸರಿಹೋಗತೈತಿ ಅಂತಾರ ಮನ್ಯಾಗ" ಎಂದಳು. ಆ ಕಡೆಯ ಮಾತನ್ನು ಕೇಳಿ ನನ್ನ ಎದೆ ಝಲ್ಲೆಂದಿತು. ರೋಗಕ್ಕೆ ಔಷಧವನ್ನು ಹುಡುಕುವ ಬದಲು ವರನನ್ನು ಹುಡುಕುವ ಈ ಪದ್ಧತಿಯು ಎಷ್ಟು ಹುಡುಗಿಯರ ವಿದ್ಯೆಯನ್ನು ನುಂಗಿರಬಹುದು! ಆದಕಾರಣ ಈ ಲೇಖನ.

ಇಂಥ ಚಿಹ್ನೆಗಳು ಕೂಡಿ ಕಂಡಾಗ ವೈದ್ಯರು ಮೊದಲು ಶಂಕಿಸುವ ತೊಂದರೆಗೆ ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್, ಸಂಕ್ಷೇಪವಾಗಿ ಪಿ.ಸಿ.ಓ.ಎಸ್., ಎಂದು ಹೆಸರು. 1935ರಲ್ಲಿ ಅಮೇರಿಕೆಯ ಶಿಕಾಗೋ ಪಟ್ಟಣದ ಸ್ಟೈನ್ ಮತ್ತು ಲೆವೆಂಥಾಲ್ ಎಂಬ ಇಬ್ಬರು ವೈದ್ಯರು ಏಳು ಮಂದಿ ಸ್ತ್ರೀಯರಲ್ಲಿ ಕಂಡ ಲಕ್ಷಣಗಳನ್ನು ಕೂಡಿಸಿ ಇದನ್ನು ವರ್ಣಿಸಿದರು. ಗರ್ಭಧಾರಣೆಯ ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು 10ರಿಂದ 13 ಮಂದಿಗೆ ಇದು ಇರುವದೆಂದೂ, ಇವರಲ್ಲಿ ಬಹುಮಂದಿಗೆ ತಮಗೆ ಇದು ಉಂಟೆಂಬುದೇ ತಿಳಿದಿಲ್ಲವೆಂದೂ ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಹೀಗಿರಲು ಇದನ್ನು ಒಬ್ಬ ಹುಡುಗಿಯ ದುರ್ದೈವವೆಂದಾಗಲಿ, ಒಂದು ಮನೆಯ ಕಳಂಕವೆಂದಾಗಲಿ ಎಣಿಸುವದು ಸಲ್ಲದು.

ಈ ತೊಂದರೆಯು ಹೇಗೆ ಉಂಟಾಗುತ್ತದೆ? ಅಂಡಾಶಯದಲ್ಲಿ ಪ್ರತಿ ತಿಂಗಳು ಅನೇಕ ಸಣ್ಣ ಅಂಡಕೋಶಗಳು ಬೆಳೆಯತೊಡಗಿ, ಅವುಗಳಲ್ಲಿ ಸಾಮಾನ್ಯವಾಗಿ ಒಂದು ಪಕ್ವವಾಗಿ ಅಂಡವನ್ನು ಹೊರಗೆ ಬಿಡುತ್ತದೆ. ಪುರುಷರಲ್ಲಿ ಹೆಚ್ಚಾಗಿರುವ ಒಂದು ಬಗೆಯ ಹಾರ್ಮೋನು ಪ್ರತಿಯೊಬ್ಬ ಸ್ತ್ರೀಯಲ್ಲಿಯೂ ಸ್ವಲ್ಪ ಪ್ರಮಾಣದಲ್ಲಿ ಇದ್ದೇ ಇರುತ್ತದೆ. ಅದು ಮಿತಿಮೀರಿದಾಗ ಅಂಡವು ಪಕ್ವವಾಗದೆ ಕೋಶಗಳು ಅರ್ಧದಲ್ಲಿಯೇ ನಿಂತುಬಿಡುತ್ತವೆ, ಮುಟ್ಟು ತಡವಾಗುತ್ತದೆ, ಮುಖದ ಮೇಲೆ ಕೂದಲೂ ಮೊಡವೆಗಳೂ ಏಳುತ್ತವೆ. ಸ್ಕ್ಯಾನಿಂಗಿನಲ್ಲಿ ಕಾಣುವ ಆ ಸಣ್ಣ ಕೋಶಗಳು ಗಡ್ಡೆಗಳಲ್ಲ. ಅವನ್ನು ಕೊಯ್ದು ತೆಗೆಯಬೇಕೆಂದು ಯಾರೂ ಬೆದರಬೇಕಾಗಿಲ್ಲ.

ಇದರ ಹಿಂದೆ ಅನೇಕರಲ್ಲಿ ಇನ್ಸುಲಿನ್ನಿನ ಕೈವಾಡವಿರುತ್ತದೆ. ನಾವು ಉಂಡ ಅನ್ನದಿಂದ ಉಂಟಾದ ಸಕ್ಕರೆಯನ್ನು ರಕ್ತದಿಂದ ಸ್ನಾಯುಗಳೊಳಗೆ ಸೇರಿಸುವ ಕೆಲಸ ಇನ್ಸುಲಿನ್ನಿನದು. ಕೆಲವರ ದೇಹವು ಅದರ ಮಾತನ್ನು ಸರಿಯಾಗಿ ಕೇಳುವದಿಲ್ಲ. ಆಗ ಮೇದೋಜೀರಕ ಗ್ರಂಥಿಯು ಇನ್ನಷ್ಟು ಇನ್ಸುಲಿನ್ನನ್ನು ಸುರಿಸುತ್ತದೆ. ಆ ಹೆಚ್ಚಿನ ಇನ್ಸುಲಿನ್ನು ಅಂಡಾಶಯವನ್ನು ಕೆಣಕಿ, ಮೇಲೆ ಹೇಳಿದ ಹಾರ್ಮೋನನ್ನು ಬೆಳೆಸುತ್ತದೆ. ಕೆಲವು ಹುಡುಗಿಯರ ಕೊರಳ ಹಿಂಭಾಗವು ಮಖಮಲ್ಲಿನಂತೆ ದಪ್ಪಗೂ ಕಪ್ಪಗೂ ಆಗುವದು ಇದರ ಚಿಹ್ನೆಯೇ. ಅದನ್ನು ಕೊಳೆಯೆಂದು ತಿಳಿದು ತಾಯಂದಿರು ಕಲ್ಲಿನಿಂದ ತಿಕ್ಕುತ್ತಾರೆ. ಪಾಪ, ಆ ಮಗುವಿನ ಚರ್ಮ ಸುಲಿಯುತ್ತದೆಯೇ ಹೊರತು ಕಪ್ಪು ಹೋಗುವದಿಲ್ಲ.

ಇಲ್ಲಿಯೇ ನಮ್ಮ ಅಡಿಗೆಮನೆಗೂ ಅಂಡಾಶಯಕ್ಕೂ ಇರುವ ಸಂಬಂಧವು ತಿಳಿಯುತ್ತದೆ. ಇದಕ್ಕೆಂದೇ ವಿಶೇಷವಾದ ಒಂದು ಪಥ್ಯವಿಲ್ಲ. ಒಂದು ಪಥ್ಯವು ಮತ್ತೊಂದಕ್ಕಿಂತ ಮೇಲೆಂಬುದಕ್ಕೆ ಆಧಾರ ದೊರೆತಿಲ್ಲವೆಂದು 2023ರಲ್ಲಿ ಪರಿಷ್ಕೃತವಾದ ಅಂತರರಾಷ್ಟ್ರೀಯ ಮಾರ್ಗದರ್ಶಿಯು ಹೇಳಿದೆ. ಬೇಕಾದದ್ದು ದಿನಾಲು ನಡೆಯಿಸಿಕೊಂಡು ಹೋಗಬಹುದಾದ ಹಿತಮಿತವಾದ ಊಟ. ಅದನ್ನು ಕಲಿಯಲು ಮುಂಡರಗಿಯವರು ಎಲ್ಲಿಗೂ ಹೋಗಬೇಕಾಗಿಲ್ಲ. ನಮ್ಮ ಎರೆಹೊಲದ ಜೋಳದ ರೊಟ್ಟಿ, ಕಾಳಿನ ಪಲ್ಯ, ಪುಂಡಿಪಲ್ಯ, ಹಸಿಯ ಹಕ್ಕರಿಕೆ, ಸವತಿಕಾಯಿ, ಅಗಸಿಯ ಚಟ್ನಿ, ಮೊಸರು ಇವಿಷ್ಟು ಇರುವ ತಾಟು ಬಹಳ ಒಳ್ಳೆಯ ತಾಟು. ನಾರೂ ಕಾಳೂ ಕೂಡಿದ ಊಟದಿಂದ ಸಕ್ಕರೆಯು ರಕ್ತವನ್ನು ನಿಧಾನವಾಗಿ ಸೇರುತ್ತದೆ. ಹಸಿವೂ ಬೇಗನೆ ಮರಳುವದಿಲ್ಲ. ತಾಟಿನ ಅರ್ಧದಷ್ಟು ಪಲ್ಯವೂ ಸೊಪ್ಪೂ ಇರಲಿ; ಉಳಿದರ್ಧದಲ್ಲಿ ರೊಟ್ಟಿ ಇಲ್ಲವೆ ಅನ್ನವೂ, ಕಾಳು, ಬೇಳೆ, ಮೊಟ್ಟೆ, ಮೊಸರುಗಳಲ್ಲಿ ಯಾವುದಾದರೂ ಇರಲಿ.

ಆದರೆ ಜೋಳವೂ ನವಣೆಯೂ ಮಂತ್ರವಲ್ಲ; ಅವೂ ಧಾನ್ಯಗಳೇ, ಅವುಗಳಿಗೂ ಅಳತೆ ಬೇಕು. ಬೆಲ್ಲವು ಸಕ್ಕರೆಗಿಂತ ಹಿತವೆಂದು ನಂಬಿ ಕೈಬಿಚ್ಚಿ ಸುರಿಯುವವರೂ ಇದ್ದಾರೆ. ಈ ವಿಷಯದಲ್ಲಿ ಎರಡೂ ಒಂದೇ. ದಿನಕ್ಕೆ ನಾಲ್ಕು ಸಾರೆ ಕುಡಿಯುವ ಸಿಹಿ ಚಹ, ಅದರೊಡನೆ ಬಿಸ್ಕೀಟು, ಸಂಜೆಯ ಮಿರ್ಚಿ-ಚುರುಮುರಿ, ಬಾಟ್ಲಿಯ ತಂಪು ಪಾನೀಯ ಇವೇ ನಮ್ಮ ಮನೆಗಳನ್ನು ಹೊಕ್ಕಿರುವ ಶತ್ರುಗಳು. ಇವನ್ನು ಒಂದೇ ದಿನದಲ್ಲಿ ಅಟ್ಟಬೇಕಾಗಿಲ್ಲ. ಮೊದಲು ಚಹದ ಸಕ್ಕರೆಯನ್ನು ಅರ್ಧ ಮಾಡಿರಿ. ಮಿರ್ಚಿಯು ವಾರದ ಸಂತೆಯ ದಿನಕ್ಕೆ ಇರಲಿ.

ಹುಡುಗಿಯು ದಪ್ಪಗಾದಳೆಂದು ಅವಳನ್ನು ಉಪವಾಸ ಕೆಡಹುವದು ದೊಡ್ಡ ತಪ್ಪು. ಬೆಳೆಯುವ ದೇಹಕ್ಕೆ ಅನ್ನ ಬೇಕು. ಮುಂಜಾನೆಯ ಊಟ ಬಿಟ್ಟವಳು ಮಧ್ಯಾಹ್ನ ಬಿಸ್ಕೀಟಿಗೆ ಕೈಚಾಚುತ್ತಾಳೆ. ತೆಳ್ಳಗಿರುವವರಿಗೂ ಈ ತೊಂದರೆಯು ಬರುತ್ತದೆಂಬುದನ್ನು ಮರೆಯಬಾರದು. ಪ್ರಾಯದ ಸ್ತ್ರೀಯರಲ್ಲಿ ತೂಕವು ಮಿತಿಮೀರಿದ್ದರೆ, ನೂರಕ್ಕೆ 5ರಿಂದ 10ರಷ್ಟು ಇಳಿದರೂ ಅನೇಕರಿಗೆ ಮುಟ್ಟಿನ ಕ್ರಮವು ಸುಧಾರಿಸುತ್ತದೆ. 70 ಕಿಲೋ ಇದ್ದವಳಿಗೆ ಇದು ಮೂರೂವರೆಯಿಂದ ಏಳು ಕಿಲೋ ಮಾತ್ರ. ತೂಕ ಇಳಿಯದಿದ್ದರೂ ಒಳ್ಳೆಯ ಊಟ, ನಡಿಗೆಗಳ ಲಾಭವು ವ್ಯರ್ಥವಾಗುವದಿಲ್ಲ.

ನಡಿಗೆಯ ಮಾತು ಬಂದಿತು. ನಿಮ್ಮಲ್ಲಿ ಹಿರಿಯರಾದ ಹಲವರು ಹಳ್ಳಿಗಳಿಂದ ಪಾಟೀಚೀಲವನ್ನು ಹೊತ್ತು ಶಾಲೆಗೆ ನಡೆದೇ ಬಂದವರು. ಈಗ ಬಸ್ಸುಗಳಿವೆ, 2023ರಿಂದ ರಾಜ್ಯದ ಸಾಮಾನ್ಯ ಸರಕಾರೀ ಬಸ್ಸುಗಳಲ್ಲಿ ಸ್ತ್ರೀಯರಿಗೆ ಬಾಡಿಗೆಯೂ ಇಲ್ಲ. ಇದರಿಂದ ಎಷ್ಟೋ ಹುಡುಗಿಯರ ಓದು ಉಳಿದಿದೆ. ನಾನು ಅದಕ್ಕಾಗಿ ಸಂತೋಷಪಡುತ್ತೇನೆ. ಆದರೆ ಬಿಟ್ಟುಹೋದ ನಡಿಗೆಯನ್ನು ನಾವು ಬೇರೆ ವೇಳೆಯಲ್ಲಿ ತುಂಬಿಕೊಳ್ಳಬೇಕು. ದುಡಿಯುವ ಸ್ನಾಯುವು ರಕ್ತದ ಸಕ್ಕರೆಯನ್ನು ತಾನಾಗಿಯೇ ಎಳೆದುಕೊಳ್ಳುತ್ತದೆ. ಇನ್ಸುಲಿನ್ನಿನ ಹೊರೆಯು ಹಗುರಾಗುತ್ತದೆ. ಶಾಲೆಯ ಹುಡುಗಿಯರಿಗೆ ದಿನಕ್ಕೆ ಒಂದು ತಾಸು ಆಟ ಇಲ್ಲವೆ ವ್ಯಾಯಾಮ, ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾದ ನಡಿಗೆ ಬೇಕು. "ದೊಡ್ಡಾಕಿ ಆದಿ, ಇನ್ನ ಕುಣಿದಾಟ ಸಾಕು" ಎಂದು ಖೋ-ಖೋ ಬಿಡಿಸುವ ಅಜ್ಜಿಯರಿಗೆ ನನ್ನ ವಿನಂತಿ: ಆಟವು ಬೇಕಾಗುವದು ಆಗಲೇ. ಹಾಗೆಯೇ ನಡುರಾತ್ರಿಯ ವರೆಗೆ ಮೊಬೈಲು ನೋಡುವ ಹುಡುಗಿಯು ಎಷ್ಟು ಪಥ್ಯ ಮಾಡಿದರೂ ಪೂರ್ಣ ಲಾಭವನ್ನು ಕಾಣಳು, ನಿದ್ರೆಯೂ ಔಷಧವೇ.

ಇಷ್ಟರಿಂದಲೇ ಎಲ್ಲವೂ ಗುಣವಾಗುವದೆಂದು ನಾನು ಹೇಳಲಾರೆ. ಈ ತೊಂದರೆಯು ಹತೋಟಿಯಲ್ಲಿ ಇರುವಂಥದು, ಬೇರುಸಹಿತ ಹೋಗುವಂಥದಲ್ಲ. ಮೈನೆರೆದ ಮೊದಲನೆಯ ವರ್ಷ ಮುಟ್ಟು ಹಿಂದುಮುಂದಾಗುವದು ಸಹಜ. ಮೂರು ವರ್ಷಗಳು ಕಳೆದ ಮೇಲೂ 35 ದಿವಸಗಳಿಗಿಂತ ಹೆಚ್ಚು ಅಂತರ ಬೀಳುತ್ತಿದ್ದರೆ ವೈದ್ಯರಿಗೆ ತೋರಿಸಬೇಕು. ಮೊದಲ ವರ್ಷದ ತರುವಾಯ ಒಂದೇ ಒಂದು ಸಾರೆ 90 ದಿವಸ ಮೀರಿದರೂ ತಡಮಾಡಬಾರದು. ಯಾಕಂದರೆ ಬಹುಕಾಲ ಮುಟ್ಟಾಗದೆ ಇದ್ದರೆ ಗರ್ಭಕೋಶದ ಒಳಪದರವು ದಪ್ಪವಾಗುತ್ತ ಹೋಗಿ, ಮುಂದೆ ಕ್ಯಾನ್ಸರಿಗೂ ಎಡೆಯಾಗಬಹುದು. ಮಧುಮೇಹದ ಭಯವೂ ಉಂಟು. ಥೈರಾಯಿಡ್ ದೋಷದಿಂದಲೂ ಇಂಥ ಚಿಹ್ನೆಗಳು ಕಾಣುವದರಿಂದ ರಕ್ತಪರೀಕ್ಷೆ ಅವಶ್ಯ. ಎಳೆಯ ಹುಡುಗಿಯರಲ್ಲಿ ಕೇವಲ ಸ್ಕ್ಯಾನಿಂಗಿನ ಚಿತ್ರವನ್ನು ನೋಡಿ ರೋಗವನ್ನು ನಿರ್ಣಯಿಸಲಾಗದು. ಆ ವಯಸ್ಸಿನಲ್ಲಿ ಆರೋಗ್ಯವಂತರಲ್ಲಿಯೂ ಅಂಥ ಕೋಶಗಳು ಕಾಣುತ್ತವೆ.

ವೈದ್ಯರು ಮುಟ್ಟನ್ನು ಕ್ರಮಕ್ಕೆ ತರಲು ಕೆಲವೊಮ್ಮೆ ಸಂತಾನನಿಯಂತ್ರಣದ ಗುಳಿಗೆಗಳನ್ನು ಬರೆದುಕೊಡುತ್ತಾರೆ. ಹೆಸರನ್ನು ಕೇಳಿಯೇ ತಾಯಂದಿರು ಗಾಬರಿಯಾಗಿ ಅವನ್ನು ಎಸೆದದ್ದುಂಟು. ಅಲ್ಲಿ ಅದು ಹಾರ್ಮೋನುಗಳ ತೂಕವನ್ನು ಸರಿಪಡಿಸುವ ಔಷಧ. ಹುಡುಗಿಯ ನಡತೆಯ ಮೇಲಿನ ಮಾತಲ್ಲ. ಕಪ್ಪತಗುಡ್ಡದ ಗಿಡಮೂಲಿಕೆಗಳ ಮೇಲೆ ನಮ್ಮ ಸೀಮೆಯವರಿಗೆ ಅಭಿಮಾನವಿರುವದು ಯೋಗ್ಯವೇ. ಆದರೂ ಏನಿದೆಯೆಂದು ತಿಳಿಯದ ಪುಡಿಯನ್ನು ತಿಂಗಳುಗಟ್ಟಲೆ ಕುಡಿಸಬೇಡಿರಿ; ಕುಡಿಸಿದ್ದರೆ ವೈದ್ಯರ ಮುಂದೆ ಮುಚ್ಚಿಡಬೇಡಿರಿ.

ಇನ್ನು ಮದುವೆಯ ಮಾತು. ಮದುವೆಯಿಂದ ಇನ್ಸುಲಿನ್ನೂ ಹಾರ್ಮೋನೂ ಬದಲಾಗುವದಿಲ್ಲ. ಈ ತೊಂದರೆಯುಳ್ಳವಳು ಬಂಜೆಯೂ ಅಲ್ಲ. ಬಹುಮಂದಿ ತಾವಾಗಿಯೇ ಇಲ್ಲವೆ ಚಿಕಿತ್ಸೆಯಿಂದ ತಾಯಂದಿರಾಗುತ್ತಾರೆ. ಆದರೆ ನಗೆಗೂ ನಿಂದೆಗೂ ಗುರಿಯಾದ ಹುಡುಗಿಯ ಮನಸ್ಸು ಬಾಡುತ್ತದೆ. ಅವಳ ಮಂಕನ್ನು ಸೋಮಾರಿತನವೆನ್ನಬೇಡಿರಿ. ಅದನ್ನೂ ವೈದ್ಯರಿಗೆ ತಿಳಿಸಿರಿ.

ನಾನು ಆರಂಭದಲ್ಲಿ ಹೇಳಿದ ತಾಯಿಯು ಮಗಳನ್ನು ದವಾಖಾನೆಗೆ ಕರೆದುಕೊಂಡು ಹೋದಳು. ವೈದ್ಯರು ಪರೀಕ್ಷಿಸಿ ಇದೇ ತೊಂದರೆಯೆಂದು ಹೇಳಿ ಔಷಧವನ್ನು ಕೊಟ್ಟರು. ಅವರ ಮನೆಯಲ್ಲಿ ಈಗ ಚಹದ ಸಕ್ಕರೆಯು ಎಲ್ಲರಿಗೂ ಕಡಿಮೆಯಾಗಿದೆ. ಸಂಜೆ ತಾಯಿಮಗಳು ಕೂಡಿಯೇ ನಡೆಯುತ್ತಾರೆ. ಕೂದಲು ಪೂರ್ತಿ ಹೋಗಿಲ್ಲ, ಮುಟ್ಟು ಇನ್ನೂ ಒಮ್ಮೊಮ್ಮೆ ತಡವಾಗುತ್ತದೆ. ಆದರೆ ಹುಡುಗಿಯು ಶಾಲೆಗೆ ಬರುತ್ತಾಳೆ. ಮದುವೆಯ ಮಾತು ನಿಂತಿದೆ.

ಪ್ರಿಯ ತಾಯಂದಿರೇ, ಗೋಡೆಯ ಪಂಚಾಂಗದ ಮೇಲೆ ಹಾಲಿನ ಲೆಕ್ಕವನ್ನು ಬರೆಯುತ್ತೀರಲ್ಲವೆ? ಮಗಳ ಮುಟ್ಟಿನ ದಿವಸಕ್ಕೂ ಅಲ್ಲಿ ಒಂದು ಗುರುತು ಹಾಕಿರಿ. ದೇಹವು ದೇವರು ನಮ್ಮ ವಶಕ್ಕೆ ಕೊಟ್ಟಿರುವ ಮನೆ. ಅದರ ಯೋಗಕ್ಷೇಮವನ್ನು ವಿಚಾರಿಸುವದರಲ್ಲಿ ನಾಚಿಕೆಯಿಲ್ಲ. ನಮ್ಮ ಹೆಣ್ಣುಮಕ್ಕಳಿಗೆ ಆತನು ಆರೋಗ್ಯವನ್ನೂ, ನಮಗೆ ಅವರ ಮಾತನ್ನು ಕೇಳುವ ತಾಳ್ಮೆಯನ್ನೂ ಅನುಗ್ರಹಿಸಲಿ.