ಪುನರುಕ್ತಿಯೂ ಗುಣವಾಗುವ ಶಾಸ್ತ್ರ

ಕಾವ್ಯಮೀಮಾಂಸಕರು ಪುನರುಕ್ತಿಯನ್ನು ದೋಷಗಳ ಸಾಲಿನಲ್ಲಿ ಸೇರಿಸಿದ್ದಾರೆ. ಹೇಳಿದ್ದನ್ನೇ ಹೇಳುವ ಕವಿಯನ್ನು ಸಹೃದಯನು ಮೆಚ್ಚುವುದಿಲ್ಲ. ಹೇಳಿದ್ದನ್ನೇ ಬರೆದು ಪುಟ ತುಂಬಿಸುವ ವಿದ್ಯಾರ್ಥಿಗೆ ನಾವೂ ಅಂಕ ಕೊಡುವುದಿಲ್ಲ. ಆದರೆ ವಿದ್ಯುತ್ ತಾಂತ್ರಿಕ ಶಾಸ್ತ್ರದಲ್ಲಿಯೂ ಗಣಕ ವಿಜ್ಞಾನದಲ್ಲಿಯೂ ಈ ಪುನರುಕ್ತಿಯನ್ನೇ ಗುಣವಾಗಿ ಸ್ವೀಕರಿಸಿ ಬೆಳೆದ ಒಂದು ಶಾಖೆಯುಂಟು. ಅದನ್ನು ದೋಷಪರಿಹಾರಕ ಸಂಕೇತಶಾಸ್ತ್ರವೆಂದು ಕರೆಯಬಹುದು. ಬಾಹ್ಯಾಕಾಶ ನೌಕೆಯ ಚಿತ್ರವಾಗಲಿ, ಬ್ಯಾಂಕಿನ ಲೆಕ್ಕವಾಗಲಿ, ದೂರದ ಮಗನು ತಾಯಿಯೊಡನೆ ಆಡುವ ಮಾತಾಗಲಿ, ಇಂದು ಕೆಡದೆ ಮುಟ್ಟುತ್ತಿರುವುದು ಈ ಶಾಸ್ತ್ರದ ಬಲದಿಂದ.

ಕೆಡುವುದೆಂದರೇನು? ಗಣಕಯಂತ್ರಕ್ಕೆ ತಿಳಿಯುವುದು ಸೊನ್ನೆ ಮತ್ತು ಒಂದು ಎಂಬ ಎರಡೇ ಚಿಹ್ನೆಗಳು. ಅಂತಹ ಒಂದು ಚಿಹ್ನೆಗೆ ಬಿಟ್ ಎಂದು ಹೆಸರು. ನಮ್ಮ ವರ್ಣಮಾಲೆಯ ಪ್ರತಿಯೊಂದು ಅಕ್ಷರಕ್ಕೂ ಯೂನಿಕೋಡ್ ಎಂಬ ಅಂತರರಾಷ್ಟ್ರೀಯ ವ್ಯವಸ್ಥೆಯಲ್ಲಿ ಒಂದೊಂದು ಸಂಖ್ಯೆ ಗೊತ್ತಾಗಿದೆ. ಕಕಾರದ ಸಂಖ್ಯೆ ೩೨೨೧, ಗಕಾರದ್ದು ೩೨೨೩. ಇವನ್ನು ಬಿಟ್‌ಗಳಲ್ಲಿ ಬರೆದರೆ ಕ್ರಮವಾಗಿ ೧೧೦೦೧೦೦೧೦೧೦೧ ಮತ್ತು ೧೧೦೦೧೦೦೧೦೧೧೧ ಎಂದಾಗುತ್ತದೆ. ಬಲದಿಂದ ಎರಡನೆಯ ಸ್ಥಾನವೊಂದನ್ನು ಬಿಟ್ಟರೆ ಎರಡಕ್ಕೂ ಭೇದವಿಲ್ಲ. ತಂತಿಯೊಳಗಿನ ಎಲೆಕ್ಟ್ರಾನುಗಳ ಚಾಂಚಲ್ಯದಿಂದಲೋ ಆಕಾಶದ ಮಿಂಚಿನಿಂದಲೋ ಆ ಒಂದು ಬಿಟ್ ಮಗುಚಿದರೆ ಸಾಕು, ಇಲ್ಲಿಂದ ಹೊರಟ ‘ಗುರು’ ಅಲ್ಲಿ ‘ಕುರು’ವಾಗಿ ಇಳಿಯುತ್ತಾನೆ. ಅಕ್ಷರದಲ್ಲಾದರೆ ನಕ್ಕು ಸುಮ್ಮನಾಗಬಹುದು. ಹಣದ ಮೊತ್ತದಲ್ಲಿ, ಔಷಧದ ಪ್ರಮಾಣದಲ್ಲಿ ಇದೇ ನಡೆದರೆ?

ಹಳಗನ್ನಡದ ಓಲೆಗರಿಗಳನ್ನು ಪರಿಷ್ಕರಿಸುವವರಿಗೆ ಈ ಸಂಕಟ ಹೊಸದಲ್ಲ. ಲಿಪಿಕಾರನ ಕೈತಪ್ಪನ್ನು ಮೂಲಕವಿಯನ್ನು ಕೇಳಿ ತಿದ್ದಿಕೊಳ್ಳುವ ಹಾಗಿಲ್ಲ. ಆದರೆ ಕಂದಪದ್ಯವೊಂದು ಮುಂದಿದ್ದರೆ ಅದರ ಒಂದನೆಯ ಮತ್ತು ಮೂರನೆಯ ಪಾದಗಳಲ್ಲಿ ೧೨ ಮಾತ್ರೆ, ಎರಡನೆಯ ಮತ್ತು ನಾಲ್ಕನೆಯ ಪಾದಗಳಲ್ಲಿ ೨೦ ಮಾತ್ರೆ ಇರಲೇಬೇಕು. ನಾಲ್ಕು ಪಾದಗಳ ಎರಡನೆಯ ಅಕ್ಷರದ ವ್ಯಂಜನವೂ ಒಂದೇ ಆಗಿರಬೇಕು. ಮಾತ್ರೆ ಕಡಿಮೆಯಾಯಿತೆಂದರೆ ಅಕ್ಷರವೊಂದು ಬಿದ್ದುಹೋಗಿದೆ ಎಂದು ಅರ್ಥ. ಪ್ರಾಸ ತಪ್ಪಿತೆಂದರೆ ತಪ್ಪು ಎಲ್ಲಿದೆಯೆಂಬುದೂ, ಸರಿಯಾದ ವ್ಯಂಜನ ಯಾವುದೆಂಬುದೂ ಒಟ್ಟಿಗೆ ತಿಳಿಯುತ್ತದೆ. ಇದರಿಂದ ನಮ್ಮ ಪೂರ್ವಿಕರು ಸಂಕೇತಶಾಸ್ತ್ರವನ್ನು ಮೊದಲೇ ಕಂಡುಹಿಡಿದಿದ್ದರೆಂದು ಸಾರುವುದು ನನ್ನ ಉದ್ದೇಶವಲ್ಲ. ಅಂತಹ ಮಾತು ಈಚೆಗೆ ಹೆಚ್ಚಾಗಿದೆ. ಪ್ರಾಸವು ಕಿವಿಯ ಸುಖಕ್ಕಾಗಿ ಹುಟ್ಟಿದ್ದು. ಅರ್ಥಕ್ಕೆ ಅಗತ್ಯವಿಲ್ಲದ ಒಂದು ಕಟ್ಟು ಅರ್ಥವನ್ನು ಕಾಪಾಡಬಲ್ಲದು ಎಂಬಷ್ಟನ್ನು ಮಾತ್ರ ಇಲ್ಲಿ ಗ್ರಹಿಸಬೇಕು.

ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿದ್ದ ಕ್ಲಾಡ್ ಶ್ಯಾನನ್ ೧೯೪೮ರಲ್ಲಿ ಪ್ರಕಟಿಸಿದ ಮಹಾಪ್ರಬಂಧವು ಈ ವಿಷಯಕ್ಕೆ ಗಣಿತದ ಅಡಿಪಾಯ ಹಾಕಿತು. ಸುದ್ದಿ ಸಾಗುವ ಪ್ರತಿಯೊಂದು ಮಾರ್ಗಕ್ಕೂ, ಎಷ್ಟೇ ಗದ್ದಲವಿದ್ದರೂ, ಒಂದು ನಿಶ್ಚಿತವಾದ ಧಾರಣಶಕ್ತಿಯುಂಟು. ಆ ಮಿತಿಯೊಳಗೆ ಕಳುಹಿಸಿದರೆ ತಪ್ಪನ್ನು ನಮಗೆ ಬೇಕಾದಷ್ಟು ಕಡಿಮೆ ಮಾಡಬಹುದು, ಮಿತಿಯನ್ನು ಮೀರಿದರೆ ಸಾಧ್ಯವಿಲ್ಲ ಎಂದು ಅವರು ಸಿದ್ಧಪಡಿಸಿದರು. ಅಂತಹ ಒಳ್ಳೆಯ ಸಂಕೇತ ಇದೆಯೆಂದು ಸಾಧಿಸಿದರೇ ಹೊರತು, ಅದು ಇದೇ ಎಂದು ತೋರಿಸಿಕೊಡಲಿಲ್ಲ. ಮುಂದಿನ ಅರುವತ್ತು ವರ್ಷಗಳ ಕಥೆಯೆಲ್ಲ ಆ ನಿಧಿಯ ಶೋಧನೆಯೇ.

ಅದೇ ಪ್ರಯೋಗಾಲಯದ ರಿಚರ್ಡ್ ಹ್ಯಾಮಿಂಗ್ ಅವರು ಮೊದಲ ಹೆಜ್ಜೆಯಿಟ್ಟರು. ಅವರ ಗಣಕಯಂತ್ರವು ವಾರಾಂತ್ಯದಲ್ಲಿ ಯಾರೂ ಇಲ್ಲದಾಗ ತಪ್ಪನ್ನು ಗುರುತಿಸಿದೊಡನೆ ಕೆಲಸವನ್ನೇ ಕೈಬಿಡುತ್ತಿತ್ತು. ತಪ್ಪಾಗಿದೆಯೆಂದು ತಿಳಿಯಬಲ್ಲ ಯಂತ್ರವು ಅದು ಎಲ್ಲಿದೆಯೆಂದು ಏಕೆ ತಿಳಿಯಬಾರದು ಎಂಬ ಬೇಸರದ ಪ್ರಶ್ನೆಯೇ ೧೯೫೦ರಲ್ಲಿ ಪ್ರಕಟವಾದ ಅವರ ಸಂಕೇತಕ್ಕೆ ಬೀಜ. ಅದನ್ನು ವಿದ್ಯಾರ್ಥಿಗಳು ಕಾಗದ, ಪೆನ್ಸಿಲ್ ಹಿಡಿದು ಮಾಡಿ ನೋಡಬಹುದು.

ಕಳುಹಿಸಬೇಕಾದದ್ದು ೧, ೦, ೧, ೧ ಎಂಬ ನಾಲ್ಕು ಬಿಟ್ ಎಂದಿಟ್ಟುಕೊಳ್ಳೋಣ. ಏಳು ಮನೆಗಳನ್ನು ಬರೆದು, ಇವನ್ನು ೩, ೫, ೬, ೭ನೆಯ ಮನೆಗಳಲ್ಲಿ ಕೂರಿಸಿರಿ. ೧, ೨, ೪ನೆಯ ಮನೆಗಳು ಕಾವಲುಗಾರರಿಗೆ ಮೀಸಲು. ಒಂದನೆಯ ಮನೆಯವನು ೧, ೩, ೫, ೭ರಲ್ಲಿಯೂ, ಎರಡನೆಯವನು ೨, ೩, ೬, ೭ರಲ್ಲಿಯೂ, ನಾಲ್ಕನೆಯವನು ೪, ೫, ೬, ೭ರಲ್ಲಿಯೂ ಇರುವ ಒಂದುಗಳ ಎಣಿಕೆ ಸಮಸಂಖ್ಯೆಯಾಗುವಂತೆ ತಾನು ಸೊನ್ನೆಯೋ ಒಂದೋ ಆಗಿ ನಿಲ್ಲುತ್ತಾನೆ. ಆಗ ಸಾಲು ೦, ೧, ೧, ೦, ೦, ೧, ೧ ಎಂದಾಗುತ್ತದೆ. ದಾರಿಯಲ್ಲಿ ಆರನೆಯ ಮನೆ ಕೆಟ್ಟು ಸೊನ್ನೆಯಾಯಿತೆನ್ನಿ. ತಲುಪಿದ ಮೇಲೆ ಪರೀಕ್ಷಿಸಿದರೆ ಒಂದನೆಯ ಕಾವಲುಗಾರನ ಲೆಕ್ಕ ಸರಿಯಾಗಿಯೇ ಇದೆ; ಎರಡನೆಯವನದೂ ನಾಲ್ಕನೆಯವನದೂ ಬೆಸವಾಗಿದೆ. ದೂರು ಕೊಟ್ಟವರ ಮನೆಯ ಸಂಖ್ಯೆಗಳನ್ನು ಕೂಡಿಸಿರಿ: ಎರಡು ಮತ್ತು ನಾಲ್ಕು, ಆರು. ತಪ್ಪಿದ ಮನೆ ಅದೇ! ಅಲ್ಲಿನ ಸೊನ್ನೆಯನ್ನು ಒಂದು ಮಾಡಿದರೆ ಮೂಲ ಪಾಠ ದೊರೆಯಿತು. ಒಂದೊಂದು ಬಿಟ್ಟನ್ನೂ ಮೂರು ಸಲ ಹೇಳಿ ಬಹುಮತ ಕೇಳುವ ಒರಟು ಉಪಾಯಕ್ಕೆ ಹನ್ನೆರಡು ಮನೆಗಳು ಬೇಕಾಗುತ್ತಿದ್ದವು. ಇಲ್ಲಿ ಏಳರಲ್ಲಿಯೇ ಕಾರ್ಯ ಮುಗಿಯಿತು. ಆದರೆ ಎರಡು ಮನೆಗಳು ಒಮ್ಮೆಲೇ ಕೆಟ್ಟರೆ ಈ ಕಾವಲು ಸಾಲದು.

ಬಿಡಿಬಿಡಿಯಾಗಿ ಅಲ್ಲದೆ ಗೊಂಚಲುಗೊಂಚಲಾಗಿ ಬರುವ ತಪ್ಪುಗಳಿಗೆ ೧೯೬೦ರಲ್ಲಿ ಇರ್ವಿಂಗ್ ರೀಡ್ ಮತ್ತು ಗುಸ್ಟಾವ್ ಸಾಲಮನ್ ಔಷಧ ಕಂಡುಹಿಡಿದರು. ಒಂದು ಸರಳರೇಖೆಯನ್ನು ಗೊತ್ತುಮಾಡಲು ಎರಡು ಬಿಂದುಗಳು ಸಾಕು. ಐದು ಬಿಂದುಗಳನ್ನು ಕೊಟ್ಟಿದ್ದರೆ ಒಂದು ಜಾರಿದರೂ ಉಳಿದ ನಾಲ್ಕು ಅದನ್ನು ಹೊರಗೆಳೆದು ತೋರಿಸುತ್ತವೆ. ಇದೇ ಯುಕ್ತಿಯನ್ನು ಅವರು ಉನ್ನತ ಬೀಜಗಣಿತಕ್ಕೆ ಏರಿಸಿದರು. ೧೯೮೬ರಲ್ಲಿ ವಾಯೇಜರ್ ನೌಕೆಯು ಯುರೇನಸ್ ಗ್ರಹದ ಬಳಿಯಿಂದ ಚಿತ್ರಗಳನ್ನು ಕಳುಹಿಸಿದ್ದು ಈ ಸಂಕೇತದ ಸಹಾಯದಿಂದ. ಅಲ್ಲಿಗೆ ಪ್ರಶ್ನೆ ಹೋಗಿ ಉತ್ತರ ಬರಲು ಐದು ಗಂಟೆಗೂ ಮಿಕ್ಕಿ ಕಾಲ ಬೇಕಾಗುತ್ತಿತ್ತು. ‘ಏನಂದಿರಿ, ಇನ್ನೊಮ್ಮೆ ಹೇಳಿ’ ಎನ್ನುವ ಅವಕಾಶವೆಲ್ಲಿಯದು? ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ತರಕಾರಿ ಅಂಗಡಿಯಲ್ಲಿ ಹಣ ಸಲ್ಲಿಸಲು ಅಂಟಿಸಿರುವ ಕಪ್ಪುಬಿಳುಪಿನ ಕ್ಯೂಆರ್ ಚೌಕವು ೧೯೯೪ರಲ್ಲಿ ಜಪಾನಿನಲ್ಲಿ ಹುಟ್ಟಿದ್ದು. ಅದರೊಳಗೂ ಇದೇ ಸಂಕೇತವಿದೆ. ಅತ್ಯುಚ್ಚ ಮಟ್ಟದ ರಕ್ಷಣೆ ಕೊಟ್ಟಿದ್ದರೆ ಅದರ ಸಂಕೇತಾಂಶದಲ್ಲಿ ನೂರಕ್ಕೆ ಸುಮಾರು ೩೦ ಭಾಗ ಮಾಸಿದರೂ ಅದು ಓದಿಸಿಕೊಳ್ಳುತ್ತದೆ. ಮಣ್ಣು ಮೆತ್ತಿದ, ಮೂಲೆ ಹರಿದ ಚೀಟಿಯೂ ವ್ಯಾಪಾರ ನಡೆಸುತ್ತಿರುವುದರ ಗುಟ್ಟು ಇಷ್ಟೇ.

ಆದರೂ ಶ್ಯಾನನ್ನರ ಮಿತಿ ದೂರದಲ್ಲಿಯೇ ಉಳಿದಿತ್ತು. ರಾಬರ್ಟ್ ಗ್ಯಾಲಗರ್ ಎಂಬ ವಿದ್ಯಾರ್ಥಿ ೧೯೬೦ರಲ್ಲಿ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಗೆ ಸಲ್ಲಿಸಿದ ಡಾಕ್ಟರೇಟ್ ಪ್ರಬಂಧದಲ್ಲಿ ಅದರ ಸಮೀಪಕ್ಕೆ ಹೋಗಬಲ್ಲ ಸಂಕೇತವಿತ್ತು. ಆ ಲೆಕ್ಕವನ್ನು ಹೊರಬಲ್ಲ ಯಂತ್ರ ಅಂದು ಇರಲಿಲ್ಲವಾಗಿ ಮೂರು ದಶಕ ಅದನ್ನು ಕೇಳುವವರೇ ವಿರಳವಾದರು. ೧೯೯೩ರಲ್ಲಿ ಫ್ರಾನ್ಸಿನ ಕ್ಲೋಡ್ ಬೆರೂ ಮತ್ತು ಸಂಗಡಿಗರು ಟರ್ಬೊ ಸಂಕೇತವನ್ನು ಪ್ರಕಟಿಸಿ ಮಿತಿಯ ಹತ್ತಿರ ಬಂದಾಗ, ವಿದ್ವಾಂಸರು ಗ್ಯಾಲಗರರ ಹಳೆಯ ಹೊತ್ತಗೆಯ ಧೂಳು ಕೊಡವಿದರು. ಉಪೇಕ್ಷಿತ ಗ್ರಂಥವು ಕಾಲ ಬಂದಾಗ ಬೆಳಕು ಕಾಣುವುದು ನಮ್ಮ ಸಾಹಿತ್ಯಲೋಕಕ್ಕೂ ಅಪರಿಚಿತವೇನಲ್ಲ.

ಇದೇ ಗ್ಯಾಲಗರರ ಶಿಷ್ಯರಾದ ಎರ್ದಾಲ್ ಆರಿಕಾನ್ ವ್ಯಾಸಂಗ ಮುಗಿಸಿ ಸ್ವದೇಶವಾದ ತುರ್ಕಿಗೆ ಮರಳಿ, ಅಂಕಾರಾದ ಬಿಲ್ಕೆಂಟ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾದರು. ೨೦೦೯ರಲ್ಲಿ ಅವರೊಬ್ಬರೇ ಪ್ರಕಟಿಸಿದ ಧ್ರುವೀಯ ಸಂಕೇತವು ಬಹು ಸುಂದರವಾದದ್ದು. ಗದ್ದಲವುಳ್ಳ ಒಂದೇ ಬಗೆಯ ಎರಡು ಮಾರ್ಗಗಳನ್ನು ಯುಕ್ತಿಯಿಂದ ಹೆಣೆದರೆ ಒಂದು ಮೊದಲಿಗಿಂತ ಉತ್ತಮವೂ ಇನ್ನೊಂದು ಅಧಮವೂ ಆಗುತ್ತದೆ. ಒಟ್ಟು ಶಕ್ತಿ ಬದಲಾಗುವುದಿಲ್ಲ. ಹೀಗೆ ಹೆಣೆಯುತ್ತಲೇ ಹೋದರೆ, ಕಡೆದ ಮೊಸರಿನಲ್ಲಿ ಬೆಣ್ಣೆ ಬೇರೆ ಮಜ್ಜಿಗೆ ಬೇರೆಯಾಗುವಂತೆ, ಬಹುಪಾಲು ಮಾರ್ಗಗಳು ಒಂದೋ ನಿರ್ದೋಷವಾಗುತ್ತವೆ, ಇಲ್ಲವೆ ನಿಷ್ಪ್ರಯೋಜಕವಾಗುತ್ತವೆ. ಒಳ್ಳೆಯ ಮಾರ್ಗದಲ್ಲಿ ಸುದ್ದಿಯನ್ನು ಕಳುಹಿಸಿ, ಕೆಟ್ಟದ್ದರಲ್ಲಿ ಇಬ್ಬರಿಗೂ ಮೊದಲೇ ತಿಳಿದ ಸೊನ್ನೆಯನ್ನಿಟ್ಟರಾಯಿತು. ಶ್ಯಾನನ್ನರ ಮಿತಿಯನ್ನು ಮುಟ್ಟುವುದೆಂದು ಗಣಿತದಿಂದ ಸಾಧಿತವಾದ, ಕಾರ್ಯಸಾಧ್ಯವಾದ ಸಂಕೇತ ಕೊನೆಗೂ ದೊರೆಯಿತು. ೨೦೧೬ರಲ್ಲಿ ಐದನೆಯ ತಲೆಮಾರಿನ ದೂರವಾಣಿಯ ನಿಯಮಗಳನ್ನು ರಚಿಸುವಾಗ ನಿಯಂತ್ರಣ ಸಂದೇಶಗಳಿಗೆ ಆರಿಕಾನರ ಸಂಕೇತವನ್ನೂ, ಉಳಿದ ದತ್ತಾಂಶಕ್ಕೆ ಗ್ಯಾಲಗರರ ಬಗೆಯದನ್ನೂ ಆರಿಸಿದರು. ಭಾರತದಲ್ಲಿ ೨೦೨೨ರ ಅಕ್ಟೋಬರಿನಿಂದ ಬಳಕೆಗೆ ಬಂದ ಈ ದೂರವಾಣಿಗಳಲ್ಲಿ ಗುರುಶಿಷ್ಯರ ಸಂಕೇತಗಳು ಅಕ್ಕಪಕ್ಕದಲ್ಲಿ ದುಡಿಯುತ್ತಿವೆ.

ಈಗ ಶೋಧನೆಯ ಕ್ಷೇತ್ರ ಇನ್ನೂ ದುರ್ಗಮವಾದ ಕ್ವಾಂಟಮ್ ಗಣಕಕ್ಕೆ ದಾಟಿದೆ. ಅಲ್ಲಿನ ಬಿಟ್ಟಿಗೆ ಕ್ಯೂಬಿಟ್ ಎಂದು ಹೆಸರು. ಅಪರಿಚಿತ ಸ್ಥಿತಿಯಲ್ಲಿರುವ ಕ್ಯೂಬಿಟ್‌ನ ಪ್ರತಿ ತೆಗೆಯಲು ನಿಸರ್ಗವೇ ಬಿಡುವುದಿಲ್ಲ. ಅಳೆದು ನೋಡಿದರೆ ಸ್ಥಿತಿಯೇ ಕೆಡುತ್ತದೆ. ಹಾಗಾದರೆ ತಿದ್ದುವುದೆಂತು? ಪೀಟರ್ ಶೋರ್ ೧೯೯೫ರಲ್ಲಿ ದಾರಿ ತೋರಿಸಿದರು. ಹ್ಯಾಮಿಂಗರ ಕಾವಲುಗಾರನು ಎಣಿಕೆ ಸಮವೋ ಬೆಸವೋ ಎಂದಷ್ಟೇ ಕೇಳುವನಲ್ಲವೆ? ಅಂತೆಯೇ ಇಲ್ಲಿಯೂ ಪ್ರತಿಯೊಂದರ ಬೆಲೆಯನ್ನು ಕೇಳದೆ ಅವುಗಳ ಪರಸ್ಪರ ಸಂಬಂಧವನ್ನು ಮಾತ್ರ ಕೇಳಬೇಕು. ಆದರೆ ಕಾವಲಿಗೆ ನಿಂತ ಕ್ಯೂಬಿಟ್‌ಗಳೂ ತಪ್ಪುವಂಥವೇ. ಅವು ಹೆಚ್ಚಿದಷ್ಟೂ ತಪ್ಪು ಹೆಚ್ಚುವ ಭಯ ಬಹುಕಾಲ ಉಳಿದಿತ್ತು. ೨೦೨೪ರ ಡಿಸೆಂಬರಿನಲ್ಲಿ ಗೂಗಲ್ ಸಂಸ್ಥೆಯ ವಿಜ್ಞಾನಿಗಳು ೧೦೫ ಕ್ಯೂಬಿಟ್‌ಗಳ ವಿಲೋ ಎಂಬ ಚಿಪ್‌ನಲ್ಲಿ ನಡೆಸಿದ ಪ್ರಯೋಗವನ್ನು ಪ್ರಕಟಿಸಿದರು. ಮೂರು ಸಾಲಿನ ಜಾಲವನ್ನು ಐದಕ್ಕೂ, ಐದನ್ನು ಏಳಕ್ಕೂ ಹಿಗ್ಗಿಸಿದಾಗ ಪ್ರತಿ ಸಲವೂ ತಪ್ಪು ಅರ್ಧಕ್ಕಿಂತ ಕೆಳಗಿಳಿಯಿತು. ಏಳು ಸಾಲಿನ ಜಾಲದಲ್ಲಿ ಸುಮಾರು ೭೦೦ ಆವರ್ತಗಳಿಗೆ ಒಂದು ತಪ್ಪು ಉಳಿದಿದೆ. ಉಪಯುಕ್ತವಾದ ದೀರ್ಘ ಗಣನೆಗೆ ಇದು ಕೋಟಿಗಟ್ಟಲೆ ಆವರ್ತಗಳಿಗೆ ಒಂದು ಎಂಬಷ್ಟಾದರೂ ತಗ್ಗಬೇಕಾಗಿದೆ.