ಪುಡಿಯಾಗುವುದೇ ಅದರ ಗುಣ: ಕಾರಿನ ಪಕ್ಕದ ಗಾಜನ್ನು ಬದಲಿಸುವ ಮುನ್ನ

ಕಾರ್ಕಳದಿಂದ ಘಟ್ಟದ ಕಡೆಗೆ ಹೊರಟರೆ ಬಜಗೋಳಿ ಸಿಗುತ್ತದೆ. ಅಲ್ಲಿಂದ ಒಂದು ದಾರಿ ಮಾಳದ ಮೂಲಕ ಶೃಂಗೇರಿಗೆ, ಇನ್ನೊಂದು ನಾರಾವಿಯ ಮೂಲಕ ಧರ್ಮಸ್ಥಳದ ಕಡೆಗೆ ಹೋಗುತ್ತದೆ. ಕಳೆದ ಮಳೆಗಾಲದ ಕೊನೆಯಲ್ಲಿ ಅಲ್ಲಿಯ ನೆಂಟರ ಮನೆಗೆ ಹೋಗಿದ್ದೆ. ಕಾರನ್ನು ಅಂಗಳದ ಬದಿಯಲ್ಲಿ ನಿಲ್ಲಿಸಿದ್ದೆ. ಪಕ್ಕದ ತೋಟದಲ್ಲಿ ಹುಲ್ಲು ಕತ್ತರಿಸುವ ಮೆಷಿನ್ ಓಡುತ್ತಿತ್ತು. ‘ಟಪ್’ ಎಂಬ ಸದ್ದಾಯಿತು. ಹೋಗಿ ನೋಡಿದರೆ ಹಿಂದಿನ ಸೀಟಿನ ಬಲಬದಿಯ ಗಾಜು ಬೆಳ್ಳಗಾಗಿ, ಕಲ್ಲುಸಕ್ಕರೆಯ ಹರಳುಗಳನ್ನು ಜೋಡಿಸಿಟ್ಟಂತೆ ನಿಂತಿತ್ತು. ಬಾಗಿಲು ತೆರೆದದ್ದೇ ತಡ, ಅಷ್ಟೂ ಹರಳುಗಳು ಸೀಟಿನ ಮೇಲೆ ಸುರಿದವು.

ಕಾಲೇಜಿನಲ್ಲಿ ಓದುವ ಅಳಿಯ ಕೇಳಿದ: “ಮಾವ, ಕಡಲೆಕಾಳಿನಷ್ಟು ಕಲ್ಲಿಗೆ ಇಡೀ ಗಾಜು ಪುಡಿಯಾಗುವುದೆಂದರೇನು? ಮನೆಯ ಕಿಟಕಿಯಾಗಿದ್ದರೆ ಒಂದು ತೂತೋ ಬಿರುಕೋ ಆಗುತ್ತಿತ್ತು, ಅಷ್ಟೆ. ಕಾರಿಗೆ ಇಷ್ಟು ಬಡ ಗಾಜು ಹಾಕುತ್ತಾರಾ?”

ಅದೇ ದಿನ ಗಾಜಿನ ಅಂಗಡಿಯೊಂದಕ್ಕೆ ಹೋದಾಗ ಇನ್ನೊಂದು ಮಾತು ಕೇಳಿಬಂತು. “ಕಂಪೆನಿ ಗಾಜಿಗೆ ಕಾಯುವುದೇಕೆ ಸಾರ್? ಅಳತೆ ಕೊಡಿ, ನಾಲ್ಕು ಎಂ.ಎಂ. ಗಾಜು ಕತ್ತರಿಸಿ ಕೊಡುತ್ತೇನೆ. ಅರ್ಧಕ್ಕರ್ಧ ಉಳಿಯುತ್ತದೆ.”

ಅಳಿಯನ ಪ್ರಶ್ನೆಗೆ ಉತ್ತರ ಗೊತ್ತಾದರೆ, ಅಂಗಡಿಯವರ ಸಲಹೆಯನ್ನು ಏಕೆ ಒಪ್ಪಬಾರದು ಎಂಬುದೂ ತಾನಾಗಿಯೇ ತಿಳಿಯುತ್ತದೆ. ಹಿಂದಿನ ಸೀಟಿನಲ್ಲಿ ಕೂರುವವರು ಹೆಚ್ಚಾಗಿ ನಿಮ್ಮ ಮಕ್ಕಳು ಮತ್ತು ಮನೆಯ ಹಿರಿಯರು. ಆದ್ದರಿಂದ ಈ ವಿಷಯವನ್ನು ತುಸು ವಿವರವಾಗಿಯೇ ನೋಡೋಣ.

ಕಲ್ಲು ಕಲಿಸುವ ಪಾಠ

ಮೊದಲು ಗಾಜನ್ನು ಬಿಟ್ಟು ಕಲ್ಲನ್ನು ಗಮನಿಸೋಣ. ಕಾರ್ಕಳದ ಚತುರ್ಮುಖ ಬಸದಿಯನ್ನು ನೀವು ನೋಡಿರಬಹುದು. 1586ರಲ್ಲಿ ಕಟ್ಟಿಸಿದ ಈ ಬಸದಿಯ ಕಲ್ಲುಕಂಬಗಳು ನಾಲ್ಕು ಶತಮಾನಗಳಿಂದ ಕಲ್ಲಿನ ಮಾಡನ್ನು ಹೊತ್ತು ನಿಂತಿವೆ. ಇಷ್ಟು ಗಟ್ಟಿಯಾದ ಕಲ್ಲನ್ನು ಸೀಳುವವರು ಏನು ಮಾಡುತ್ತಾರೆ? ಸಾಲಾಗಿ ಕುಳಿಗಳನ್ನು ತೋಡಿ, ಅವುಗಳಲ್ಲಿ ಬೆಣೆ ಇಟ್ಟು ಒಂದರ ನಂತರ ಒಂದರಂತೆ ಬಡಿಯುತ್ತಾರೆ. ಬೆಣೆ ಕಲ್ಲನ್ನು ಎರಡು ಬದಿಗೆ ಎಳೆಯುತ್ತದೆ. ಸ್ವಲ್ಪ ಹೊತ್ತಿಗೆ ದೊಡ್ಡ ಬಂಡೆ ಗೆರೆ ಹಿಡಿದಂತೆ ಹೋಳಾಗುತ್ತದೆ.

ಕಂಬದ ಕಲ್ಲನ್ನು ಭಾರ ಅದುಮುತ್ತಿದೆ; ಇದು ಸಂಪೀಡನ. ಬೆಣೆ ಹೊಡೆದ ಕಲ್ಲನ್ನು ಬಲ ಎಳೆಯುತ್ತಿದೆ, ಇದು ಕರ್ಷಣ. ಅದುಮಿದರೆ ಕಲ್ಲು ಸಹಿಸುತ್ತದೆ, ಎಳೆದರೆ ಸಹಿಸದು. ಗಾಜಿನ ಸ್ವಭಾವವೂ ಇದೇ.

ಗಾಜು ಎಳೆತಕ್ಕೆ ಸೋಲುವುದೇಕೆ? ಅದರ ಪರಮಾಣುಗಳ ನಡುವಿನ ಬಂಧಗಳು ದುರ್ಬಲವೇನಲ್ಲ. ಆ ಬಂಧಗಳಿಂದ ಲೆಕ್ಕ ಹಾಕಿದರೆ ಬರಬೇಕಾದ ಬಲದಲ್ಲಿ ನೂರಕ್ಕೊಂದು ಪಾಲಿನಷ್ಟೂ ಸಾದಾ ಗಾಜಿನ ಹಾಳೆಯಲ್ಲಿ ಕಾಣುವುದಿಲ್ಲ. ಇದರ ಕಾರಣವನ್ನು ಬ್ರಿಟನ್ನಿನ ಎ. ಎ. ಗ್ರಿಫಿತ್ 1921ರಲ್ಲಿ ಪ್ರಕಟವಾದ ತಮ್ಮ ಪ್ರಬಂಧದಲ್ಲಿ ವಿವರಿಸಿದರು. ಗಾಜಿನ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದ ಗೀರುಗಳಿರುತ್ತವೆ. ಎಳೆದಾಗ ಬಲವೆಲ್ಲ ಗೀರಿನ ತುದಿಯಲ್ಲಿ ಕೇಂದ್ರೀಕರಿಸುತ್ತದೆ. ಒಂದು ಮಿತಿ ದಾಟಿದರೆ ಆ ಗೀರು ಬಿರುಕಾಗಿ ಓಡುತ್ತದೆ. ಅದುಮಿದರೆ ಗೀರಿನ ಬಾಯಿ ಮುಚ್ಚಿಕೊಳ್ಳುತ್ತದೆ, ಬಿರುಕು ಬೆಳೆಯುವುದಿಲ್ಲ.

ಹಾಗಾದರೆ ಗಾಜಿನ ಮೇಲ್ಮೈಯನ್ನು ಸದಾ ಅದುಮಿದ ಸ್ಥಿತಿಯಲ್ಲೇ ಇಟ್ಟರೆ? ಕಾರಿನ ಪಕ್ಕದ ಗಾಜಿನಲ್ಲಿ ಮಾಡಿರುವುದು ಇದನ್ನೇ.

ಒಳಗೆ ಎಳೆತ, ಹೊರಗೆ ಒತ್ತು

ಈ ಗಾಜಿಗೆ ಟಫನ್ಡ್ ಅಥವಾ ಟೆಂಪರ್ಡ್ ಗಾಜು ಎಂದು ಹೆಸರು; ಹದಗೊಳಿಸಿದ ಗಾಜು ಎನ್ನೋಣ. ಸಾದಾ ಹಾಳೆಯನ್ನು ಬೇಕಾದ ಆಕಾರಕ್ಕೆ ಕತ್ತರಿಸಿ, ಅಂಚನ್ನು ಉಜ್ಜಿ, ತೂತು ಬೇಕಿದ್ದರೆ ಕೊರೆದು, ನಂತರ ಕುಲುಮೆಯಲ್ಲಿ 600 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಕಾಯಿಸುತ್ತಾರೆ. ಮೆತ್ತಗಾದ ಗಾಜನ್ನು ಬಾಗಿಲಿನ ವಕ್ರತೆಗೆ ಬಾಗಿಸಿ, ಎರಡೂ ಬದಿಯಿಂದ ತಣ್ಣನೆಯ ಗಾಳಿಯನ್ನು ರಭಸವಾಗಿ ಊದುತ್ತಾರೆ.

ಹೊರಮೈ ತಕ್ಷಣ ತಣಿದು ಗಟ್ಟಿಯಾಗುತ್ತದೆ. ಒಳಭಾಗ ಇನ್ನೂ ಬಿಸಿಯಾಗಿರುತ್ತದೆ. ಅದು ನಿಧಾನವಾಗಿ ತಣಿಯುತ್ತ ಕುಗ್ಗಲು ನೋಡುತ್ತದೆ. ಆದರೆ ಈಗಾಗಲೇ ಗಟ್ಟಿಯಾದ ಹೊರಮೈ ಅದನ್ನು ಬಿಡುವುದಿಲ್ಲ. ಫಲವಾಗಿ ಒಳಭಾಗ ಎಳೆತದಲ್ಲಿ, ಹೊರಮೈ ಒತ್ತಿನಲ್ಲಿ ಶಾಶ್ವತವಾಗಿ ಉಳಿಯುತ್ತವೆ. ಹೊರಮೈಯ ಸಂಪೀಡನ ಸುಮಾರು 100 ಮೆಗಾಪಾಸ್ಕಲ್, ಅಂದರೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು ಒಂದು ಟನ್ ಭಾರ ಹೇರಿದಂತೆ. ಇಂಥ ಗಾಜು ಅಷ್ಟೇ ದಪ್ಪದ ಸಾದಾ ಗಾಜಿಗಿಂತ ನಾಲ್ಕೈದು ಪಟ್ಟು ಬಲಶಾಲಿ. ಹೀಗಾಗಿ ಅಳಿಯ ಅದನ್ನು ‘ಬಡ ಗಾಜು’ ಎಂದದ್ದು ಸರಿಯಲ್ಲ.

ಮತ್ತೆ ಒಡೆದದ್ದು ಹೇಗೆ? ಒತ್ತಿನಲ್ಲಿರುವ ಪದರ ಪ್ರತಿ ಬದಿಯಲ್ಲೂ ಗಾಜಿನ ದಪ್ಪದ ಐದನೇ ಒಂದು ಪಾಲಿನಷ್ಟು ಮಾತ್ರ. ನಾಲ್ಕು ಮಿಲಿಮೀಟರ್ ಗಾಜಿನಲ್ಲಿ ಅದು 0.8 ಮಿಲಿಮೀಟರ್. ಆ ಕವಚವನ್ನು ದಾಟಿ ಬಿರುಕಿನ ತುದಿ ಒಳಗಿನ ಎಳೆತದ ವಲಯವನ್ನು ಮುಟ್ಟಿದರೆ ಆಟ ಮುಗಿಯಿತು.

ಹುಲ್ಲಿನ ಮೆಷಿನ್ನಿನ ಲೆಕ್ಕ ನೋಡಿ. ಅದರ ತಿರುಗುವ ತುದಿ 20 ಸೆಂಟಿಮೀಟರ್ ತ್ರಿಜ್ಯದಲ್ಲಿ ನಿಮಿಷಕ್ಕೆ 6,000 ಸುತ್ತು ಸುತ್ತಿದರೆ ವೇಗ ಸೆಕೆಂಡಿಗೆ ಸುಮಾರು 125 ಮೀಟರ್. ಅದರ ಅರ್ಧ ವೇಗದಲ್ಲಿ ಒಂದು ಗ್ರಾಂ ಕಲ್ಲು ಹಾರಿತೆನ್ನಿ. ಅದರ ಚಲನಶಕ್ತಿ ಎರಡು ಜೂಲ್‌ನಷ್ಟು ಮಾತ್ರ. 200 ಗ್ರಾಂ ತೂಕ ಒಂದು ಮೀಟರ್ ಎತ್ತರದಿಂದ ಬಿದ್ದಷ್ಟು! ಅಂಗೈಯಿಂದ ಇದಕ್ಕಿಂತ ಜೋರಾಗಿ ಬಡಿದರೂ ಗಾಜಿಗೆ ಏನೂ ಆಗದು. ಆದರೆ ಚೂಪುಕಲ್ಲು ತಾಗುವುದು ಸೂಜಿಮೊನೆಯಷ್ಟು ಜಾಗಕ್ಕೆ. ಮುಖ್ಯವಾದದ್ದು ಶಕ್ತಿಯ ಮೊತ್ತವಲ್ಲ, ಅದು ಬಿದ್ದ ಜಾಗದ ಕಿರಿದುತನ.

ಒಮ್ಮೆ ಒಳಹೊಕ್ಕ ಬಿರುಕನ್ನು ಓಡಿಸುವುದು ಕಲ್ಲಿನ ಶಕ್ತಿಯಲ್ಲ, ಗಾಜಿನಲ್ಲೇ ಕೂಡಿಟ್ಟ ಶಕ್ತಿ. ಬಿರುಕು ಕವಲೊಡೆಯುತ್ತ ಸೆಕೆಂಡಿಗೆ ಸುಮಾರು 1,500 ಮೀಟರ್ ವೇಗದಲ್ಲಿ ಹರಡುತ್ತದೆ. 60 ಸೆಂಟಿಮೀಟರ್ ಅಗಲದ ಗಾಜನ್ನು ಅದು ದಾಟಲು ಒಂದು ಸೆಕೆಂಡಿನ ಎರಡೂವರೆ ಸಾವಿರದ ಒಂದು ಭಾಗ ಸಾಕು.

ಇದರ ಹಳೆಯ ರೂಪವೊಂದಿದೆ. ಕರಗಿದ ಗಾಜಿನ ಹನಿಯನ್ನು ನೀರಿಗೆ ಬೀಳಿಸಿದರೆ ಬಾಲವಿರುವ ಗೊದಮೊಟ್ಟೆಯಂಥ ಹರಳು ಸಿಗುತ್ತದೆ. ಅದರ ತಲೆಗೆ ಸುತ್ತಿಗೆಯಿಂದ ಬಡಿದರೂ ಒಡೆಯದು. ಬಾಲ ಮುರಿದರೆ ಇಡೀ ಹನಿ ಸಿಡಿದು ಪುಡಿಯಾಗುತ್ತದೆ. ಹದಿನೇಳನೆಯ ಶತಮಾನದಲ್ಲಿ ಇದನ್ನು ಇಂಗ್ಲೆಂಡಿಗೆ ತಂದವನ ಹೆಸರಿನಿಂದ ಇದು ‘ರಾಜಕುಮಾರ ರೂಪರ್ಟನ ಹನಿ’ ಎನಿಸಿದೆ. ಒಗಟು ಬಿಡಿಸಲು ಮೂರು ಶತಮಾನಗಳೇ ಬೇಕಾದವು. ಅತಿವೇಗದ ಕ್ಯಾಮೆರಾದಿಂದ ಈ ಸಿಡಿತವನ್ನು ಅಳೆದು 1994ರಲ್ಲಿ ಪ್ರಕಟಿಸಿದವರು ಎಸ್. ಚಂದ್ರಶೇಖರ್ ಮತ್ತು ಎಂ. ಎಂ. ಚೌಧರಿ.

ಪುಡಿಯಾಗುವುದು ದೋಷವಲ್ಲ

ಮನೆಯ ಕಿಟಕಿಯ ಗಾಜು ಒಡೆದಾಗ ಉದ್ದುದ್ದ ಚೂರಿಗಳಂಥ ತುಂಡುಗಳಾಗುತ್ತವೆ. ಅಪಘಾತದಲ್ಲಿ ಅವು ಕುತ್ತಿಗೆಗೋ ಕಣ್ಣಿಗೋ ತಾಗಿದರೆ ಗತಿಯೇನು? ಹದಗೊಳಿಸಿದ ಗಾಜಿನ ಹರಳುಗಳು ಸಣ್ಣವು, ಮೊಂಡು. ಚರ್ಮ ತರಚೀತು, ಆಳವಾದ ಗಾಯವಾಗುವ ಸಂಭವ ಬಹಳ ಕಡಿಮೆ. ಬಜಗೋಳಿಯಲ್ಲಿ ಪುಡಿಯಾದ ಗಾಜು ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು.

ಮುಂದಿನ ಗಾಜಿನ ಕಥೆ ಬೇರೆ. ಅದು ಎರಡು ಹಾಳೆಗಳ ನಡುವೆ ಪ್ಲಾಸ್ಟಿಕ್ ಪದರವಿರುವ ಲ್ಯಾಮಿನೇಟೆಡ್ ಗಾಜು. ಕಲ್ಲು ಬಡಿದರೆ ಬಿರುಕು ಬಿಡುತ್ತದೆ, ಆದರೆ ಉದುರುವುದಿಲ್ಲ. ಚಾಲಕನಿಗೆ ದಾರಿ ಕಾಣುತ್ತಿರುತ್ತದೆ. ಅದರ ಸಣ್ಣ ಬಿರುಕಿಗೆ ರಾಳ ತುಂಬಿ ದುರಸ್ತಿ ಮಾಡುವುದುಂಟು. ಪಕ್ಕದ ಹದಗೊಳಿಸಿದ ಗಾಜಿಗೆ ದುರಸ್ತಿ ಎಂಬುದಿಲ್ಲ, ಬದಲಾವಣೆಯೊಂದೇ ದಾರಿ.

ಅಂಗಡಿಯವರ ಮಾತಿಗೆ ಉತ್ತರವೂ ಇಲ್ಲಿದೆ. ಹದಗೊಳಿಸಿದ ಗಾಜನ್ನು ಕತ್ತರಿಸಲು ಬರುವುದಿಲ್ಲ. ವಜ್ರದ ಮೊನೆ ಒಳಗಿನ ಎಳೆತವನ್ನು ಮುಟ್ಟಿದೊಡನೆ ಅದು ಪುಡಿಯಾಗುತ್ತದೆ. ಆದ್ದರಿಂದ ಅಂಗಡಿಯಲ್ಲಿ ನಿಮ್ಮೆದುರೇ ಕತ್ತರಿಸಿ ಕೊಡುವ ಗಾಜು ಹದಗೊಳಿಸಿದ್ದಲ್ಲ ಎಂದು ನಿಶ್ಚಯವಾಗಿ ಹೇಳಬಹುದು. ಅದು ಚಪ್ಪಟೆಯಾಗಿರುವುದರಿಂದ ಬಾಗಿಲಿನ ವಕ್ರತೆಗೆ ಹೊಂದುವುದೂ ಇಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳ 100ನೇ ನಿಯಮವೂ ಕಿಟಕಿಗಳಿಗೆ ಸುರಕ್ಷಾ ಗಾಜು ಅಥವಾ ಸುರಕ್ಷಾ ಗ್ಲೇಜಿಂಗ್ ಇರುವುದನ್ನು ಕಡ್ಡಾಯ ಮಾಡಿದೆ. ಅದೇ ನಿಯಮದಂತೆ ಮುಂದಿನ ಮತ್ತು ಹಿಂದಿನ ಗಾಜು ಕನಿಷ್ಠ ಶೇಕಡಾ 70ರಷ್ಟು, ಪಕ್ಕದ ಗಾಜು ಕನಿಷ್ಠ ಶೇಕಡಾ 50ರಷ್ಟು ಬೆಳಕನ್ನು ಒಳಬಿಡಬೇಕು.

ಗಾಜು ಬದಲಿಸುವ ಕ್ರಮ

ಒಡೆದ ಕೂಡಲೇ ಫೋಟೋ ತೆಗೆದುಕೊಳ್ಳಿ, ವಿಮೆಗೆ ಬೇಕಾಗುತ್ತದೆ. ದಪ್ಪ ಕೈಗವಸು ಹಾಕಿ ಹರಳುಗಳನ್ನು ತೆಗೆಯಿರಿ. ಉಳಿದ ಸಣ್ಣ ಚೂರುಗಳನ್ನು ವ್ಯಾಕ್ಯೂಮ್ ಕ್ಲೀನರ್‌ನಿಂದ ಎಳೆಸಿ. ಸೀಟಿನ ಸಂದು, ಬೆಲ್ಟಿನ ಕೊಕ್ಕೆ ಸೇರುವ ಜಾಗ, ಮಗುವಿನ ಸೀಟು ಇವನ್ನು ಮರೆಯಬೇಡಿ. ಮಳೆಗಾಲವಾದರೆ ಪ್ಲಾಸ್ಟಿಕ್ ಹಾಳೆಯನ್ನು ಹೊರಗಿನಿಂದ ಅಂಟಿಸಿ.

ಏರಿಳಿಯುವ ಗಾಜಾದರೆ ಬಾಗಿಲಿನ ಒಳಹೊದಿಕೆಯನ್ನು ಬಿಚ್ಚಬೇಕು. ಒಡೆದ ಗಾಜಿನ ಬಹುಪಾಲು ಬಾಗಿಲಿನ ಹೊಟ್ಟೆಯೊಳಗೆ ಬಿದ್ದಿರುತ್ತದೆ. ಅದನ್ನು ಪೂರ್ತಿ ತೆಗೆಸಿ. ಬಾಗಿಲಿನ ತಳದಲ್ಲಿ ನೀರು ಹೊರಹೋಗುವ ತೂತುಗಳಿವೆ. ಹರಳುಗಳು ಅವನ್ನು ಮುಚ್ಚಿದರೆ ಕರಾವಳಿಯ ಮಳೆಗೆ ಬಾಗಿಲು ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ. ಗಾಜು ಜಾರುವ ರಬ್ಬರ್ ಪಟ್ಟಿಯಲ್ಲಿ ಒಂದು ಹರಳು ಉಳಿದರೂ ಹೊಸ ಗಾಜಿಗೆ ಗೀರು ಬೀಳುತ್ತದೆ. ನಂತರ ಹೊಸ ಗಾಜನ್ನು ಓರೆಯಾಗಿ ಇಳಿಸಿ, ಎತ್ತುವ ಸಾಧನಕ್ಕೆ ಸೇರಿಸಿ, ನಾಲ್ಕಾರು ಬಾರಿ ಏರಿಳಿಸಿ ನೋಡಬೇಕು. ಅಂಚಿಗೆ ಪೆಟ್ಟಾಗದಂತೆ ಎಚ್ಚರ ಬೇಕು. ಈ ಗಾಜಿನ ದುರ್ಬಲ ಜಾಗವೇ ಅಂಚು.

ಕೆಲವು ಕಾರುಗಳಲ್ಲಿ ಹಿಂದಿನ ಮೂಲೆಯ ಗಾಜು ಏರಿಳಿಯದೆ ಮೈಗೆ ಅಂಟಿಕೊಂಡಿರುತ್ತದೆ. ಅಲ್ಲಿ ಹಳೆಯ ಪಾಲಿಯುರೆಥೇನ್ ಅಂಟನ್ನು ತೆಳುವಾಗಿ ಉಳಿಸಿ ಕೆರೆದು, ಹೊಸ ಅಂಟಿನ ಎಳೆ ಹಾಕಿ ಗಾಜನ್ನು ಕೂರಿಸುತ್ತಾರೆ. ಗಾಜಿನ ಸುತ್ತಲ ಕಪ್ಪು ಅಂಚು ಬರೀ ಅಲಂಕಾರವಲ್ಲ. ಅದು ಬಿಸಿಲಿನ ಅತಿನೇರಳೆ ಕಿರಣಗಳಿಂದ ಅಂಟನ್ನು ಕಾಪಾಡುತ್ತದೆ. ಈ ಅಂಟು ಗಟ್ಟಿಯಾಗಲು ಗಾಳಿಯ ತೇವಾಂಶವೇ ಬೇಕು. ಆದ್ದರಿಂದ ನಮ್ಮ ಕರಾವಳಿಯ ತೇವದ ಹವೆ ಅದಕ್ಕೆ ಅನುಕೂಲವೇ. ಆದರೆ ಅಂಟುವ ಮೈ ಮಾತ್ರ ಒಣಗಿರಬೇಕು. ಅಂಟಿನ ಕೊಳವೆಯ ಮೇಲೆ ನಮೂದಿಸಿದ ಅವಧಿ ಮುಗಿಯುವ ತನಕ ಕಾರನ್ನು ಓಡಿಸಬಾರದು, ಬಾಗಿಲನ್ನು ಜೋರಾಗಿ ಬಡಿಯಬಾರದು.

ಕಾಣದ ಬಲವನ್ನು ಕಾಣುವುದು

ಹೊಸ ಗಾಜು ನಿಜವಾಗಿ ಹದಗೊಳಿಸಿದ್ದೇ ಎಂದು ತಿಳಿಯುವುದು ಹೇಗೆ? ಮೊದಲು ಮೂಲೆಯ ಗುರುತನ್ನು ಓದಿ. ಐಎಸ್‌ಐ ಮುದ್ರೆಯ ಜೊತೆ ಐಎಸ್ 2553 ಎಂಬ ಸಂಖ್ಯೆಯೂ ಟಫನ್ಡ್ ಅಥವಾ ಟೆಂಪರ್ಡ್ ಎಂಬ ಪದವೂ ಇವೆಯೇ ನೋಡಿ.

ಇನ್ನೊಂದು ಪರೀಕ್ಷೆ ಭೌತವಿಜ್ಞಾನದ್ದು. ಪೀಡನದಲ್ಲಿರುವ ಗಾಜು ಧ್ರುವೀಕೃತ ಬೆಳಕಿನ ಸ್ಥಿತಿಯನ್ನು ಬದಲಿಸುತ್ತದೆ. ಎರಡು ಶತಮಾನಗಳ ಹಿಂದೆ ಡೇವಿಡ್ ಬ್ರೂಸ್ಟರ್ ಕಂಡುಹಿಡಿದ ಗುಣವಿದು. ಲ್ಯಾಪ್‌ಟಾಪಿನ ಎಲ್‌ಸಿಡಿ ಪರದೆಯಿಂದ ಹೊರಡುವ ಬೆಳಕು ಧ್ರುವೀಕೃತವಾದದ್ದು. ಪರದೆಯನ್ನು ಬಿಳಿಯಾಗಿಸಿ, ಪೋಲರಾಯ್ಡ್ ತಂಪು ಕನ್ನಡಕವನ್ನು ಕಣ್ಣೆದುರು ಹಿಡಿದು, ಪರದೆ ಕಪ್ಪಾಗುವವರೆಗೆ ತಿರುಗಿಸಿ. ಈಗ ಕಾರಿನ ಗಾಜನ್ನು ನಡುವೆ ಹಿಡಿಯಿರಿ. ಹದಗೊಳಿಸಿದ ಗಾಜಾದರೆ ಅಂಚಿನ ಬಳಿ ಮತ್ತು ಅಲ್ಲಲ್ಲಿ ಬೆಳ್ಳನೆಯ ಪಟ್ಟೆಗಳು, ಮಚ್ಚೆಗಳು ಮೂಡುತ್ತವೆ. ಗಾಳಿ ಊದಿದಾಗ ಗಾಜು ಎಲ್ಲೆಡೆ ಒಂದೇ ಸಮನೆ ತಣಿಯದೆ ಉಳಿದ ಗುರುತುಗಳಿವು. ಸಾದಾ ಗಾಜಿನಲ್ಲಿ ಹೆಚ್ಚುಕಡಿಮೆ ಏನೂ ಕಾಣುವುದಿಲ್ಲ.

ಕೊನೆಯದಾಗಿ ಒಂದು ಎಚ್ಚರಿಕೆ. ಕಾರು ತೋಡಿಗೋ ಹೊಳೆಗೋ ಜಾರಿದರೆ ಪಕ್ಕದ ಗಾಜೇ ಹೊರಬರುವ ದಾರಿಯಾಗಬಹುದು. ಅದನ್ನು ಕೈಯಿಂದ ಗುದ್ದಿ ಒಡೆಯಲಾಗದು. ಚೂಪುಮೊನೆಯ ಸುತ್ತಿಗೆ ಬೇಕು. ಅದನ್ನು ಚಾಲಕನ ಕೈಗೆ ಎಟಕುವಲ್ಲಿ ಇಡಿ. ಆದರೆ ಈಚಿನ ಕೆಲವು ಕಾರುಗಳಲ್ಲಿ ಪಕ್ಕದ ಗಾಜೂ ಲ್ಯಾಮಿನೇಟೆಡ್ ಆಗಿರುತ್ತದೆ. 2019ರಲ್ಲಿ ಅಮೆರಿಕದ ವಾಹನ ಸಂಘ ‘ಎಎಎ’ ಇಂಥ ಆರು ಸಾಧನಗಳನ್ನು ಪರೀಕ್ಷಿಸಿತು. ನಾಲ್ಕು ಸಾಧನಗಳು ಹದಗೊಳಿಸಿದ ಗಾಜನ್ನು ಒಡೆದವು. ಲ್ಯಾಮಿನೇಟೆಡ್ ಗಾಜನ್ನು ಒಡೆದು ದಾರಿ ಮಾಡಲು ಒಂದಕ್ಕೂ ಆಗಲಿಲ್ಲ. ನಿಮ್ಮ ಕಾರಿನ ಯಾವ ಕಿಟಕಿಯಲ್ಲಿ ಯಾವ ಗಾಜಿದೆ ಎಂಬುದನ್ನು ಇಂದೇ ಮೂಲೆಯ ಗುರುತಿನಿಂದ ಓದಿಕೊಳ್ಳಿ.

ನಾವು ಎರಡು ದಿನ ಕಾದು, ಸರಿಯಾದ ಗಾಜನ್ನೇ ತರಿಸಿ ಹಾಕಿಸಿದೆವು. ಜೋಡಿಸುವ ಮುನ್ನ ಅಳಿಯ ಕನ್ನಡಕ ಹಿಡಿದು ನೋಡಿ, ಮಚ್ಚೆಗಳನ್ನು ಎಣಿಸತೊಡಗಿದ. ಅಡ್ಡಾದಿಡ್ಡಿಯಾಗಿ ಹಾರುವ ಕಲ್ಲನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲ. ಮುಂದೊಮ್ಮೆ ಗಾಜು ಒಡೆದಾಗ ಅದು ಹರಳಾಗಬೇಕೋ ಚೂರಿಯಾಗಬೇಕೋ ಎಂಬುದು ಮಾತ್ರ, ಗಾಜು ಕೊಳ್ಳುವ ದಿನ ನಾವೇ ಮಾಡುವ ತೀರ್ಮಾನ.