ನೆರಳು ಕಲಿಸಿದ ಪಾಠ

ಪಕ್ಕದ ನಿವೇಶನದಲ್ಲಿ ಏಳುವ ಕಟ್ಟಡ ಅದರ ಒಡೆಯನೊಬ್ಬನ ವಿಷಯವಷ್ಟೇ ಅಲ್ಲ. ಗಾಳಿ ಬೆಳಕುಗಳಿಗೆ ಎರವಾಗುವ ನೆರೆಯವರ ವಿಷಯವೂ ಹೌದು. ನ್ಯೂಯಾರ್ಕ್ ನಗರ ಇದನ್ನು ನೆರಳಿನಿಂದಲೇ ಕಲಿಯಿತು. 1915ರಲ್ಲಿ ಅಲ್ಲಿ ಪೂರ್ಣಗೊಂಡ ಈಕ್ವಿಟಬಲ್ ಕಟ್ಟಡ ಸುತ್ತಲಿನ ಬೀದಿಗಳ ಬಿಸಿಲನ್ನು ನುಂಗಿತು. ಮರುವರ್ಷವೇ ನಗರವನ್ನು ವಲಯಗಳಾಗಿ ವಿಂಗಡಿಸಿ, ಕಟ್ಟಡಗಳ ಆಕಾರಕ್ಕೂ ಬಳಕೆಗೂ ಕಟ್ಟುಪಾಡು ವಿಧಿಸುವ ಶಾಸನ ಬಂದಿತು.

ವಲಯದ ನಿಯಮವನ್ನು ಬದಲಿಸಬೇಕೆನ್ನುವವರ ಅರ್ಜಿ ಇಂದು ಹಲವು ಬಾಗಿಲುಗಳನ್ನು ದಾಟಬೇಕು. 1975ರಲ್ಲಿ ನಗರದ ಸನ್ನದಿಗೆ ಸೇರಿದ ಈ ಕ್ರಮದಲ್ಲಿ ಮೊದಲನೆಯದು ಬಡಾವಣೆಯ ಸಮುದಾಯ ಮಂಡಳಿ. ಅದಕ್ಕೆ 60 ದಿನಗಳ ಅವಧಿ. ಅನಂತರ ಬರೋ ಎಂಬ ವಿಭಾಗದ ಅಧ್ಯಕ್ಷರಿಗೆ 30 ದಿನ. ಇವರಿಬ್ಬರದೂ ಸಲಹೆ ಮಾತ್ರ. ನಿರ್ಣಯದ ಭಾರ ಬೀಳುವುದು ನಗರ ಯೋಜನಾ ಆಯೋಗದ ಮೇಲೆ. ಅದರ 13 ಸದಸ್ಯರಲ್ಲಿ 7 ಮಂದಿಯನ್ನು ಮೇಯರರೂ, 5 ಮಂದಿಯನ್ನು ಐದು ಬರೋಗಳ ಅಧ್ಯಕ್ಷರೂ, ಒಬ್ಬರನ್ನು ಸಾರ್ವಜನಿಕರ ವಕೀಲರೆಂಬ ಚುನಾಯಿತ ಅಧಿಕಾರಿಯೂ ನೇಮಿಸುತ್ತಾರೆ. 60 ದಿನಗಳೊಳಗೆ ಆಯೋಗ ಬಹಿರಂಗ ವಿಚಾರಣೆ ನಡೆಸಬೇಕು; ಅಲ್ಲಿ ಸಾಮಾನ್ಯ ನಾಗರಿಕನೂ ಎದ್ದು ನಿಂತು ತನ್ನ ಅಹವಾಲನ್ನು ಹೇಳಬಹುದು. ಆಯೋಗ ಅರ್ಜಿಯನ್ನು ಒಪ್ಪಬಹುದು, ತಿದ್ದಬಹುದು, ತಳ್ಳಿಹಾಕಬಹುದು. ಒಪ್ಪಿದ ವಲಯ ಬದಲಾವಣೆ ನಗರ ಸಭೆಯ ಮುಂದೆ ಹೋಗುತ್ತದೆ.

ಈ ದಾರಿ ತೀರ ದೀರ್ಘವೆಂಬ ದೂರಿದೆ. 2025ರ ನವೆಂಬರಿನಲ್ಲಿ ಮತದಾರರು ಕೆಲವು ಬಗೆಯ ವಸತಿ ಯೋಜನೆಗಳಿಗೆ ಅದನ್ನು ಮೊಟಕುಗೊಳಿಸಲು ಸಮ್ಮತಿಯಿತ್ತರು. ವಿಳಂಬದ ಬೆಲೆಯನ್ನು ಮನೆಯಿಲ್ಲದವನು ತೆರುತ್ತಾನೆ. ಅವಸರದ ಬೆಲೆಯನ್ನು ನೆರೆಯವನು. ಇಬ್ಬರ ಮಾತನ್ನೂ ಕೇಳಿದ ಮೇಲೆಯೇ ತಕ್ಕಡಿ ಹಿಡಿಯುವ ನಗರ ನಿಜವಾದ ಅರ್ಥದಲ್ಲಿ ಯೋಜಿತ ನಗರ.